ನಾನ್ ಡೇರಿ

ಅಂಗಡಿಗೆ ಹೋದರೆ ನಾನು ಪೊಟ್ಟಣಗಳ ಮುಖ ನೋಡುವುದಿಲ್ಲ, ಬೆನ್ನು ನೋಡುತ್ತೇನೆ. ಮುಖದಲ್ಲಿ ಏನಿರುತ್ತದೆ ಹೇಳಿ. ನಗುವ ಮಗು, ಲೋಟದಿಂದ ಚಿಮ್ಮುವ ಹಾಲು, ಈಗಷ್ಟೇ ಸ್ನಾನ ಮಾಡಿ ಬಂದಂತಿರುವ ಗೋಧಿಯ ತೆನೆ. ನಿಜವೆಲ್ಲ ಬೆನ್ನಿನಲ್ಲಿರುತ್ತದೆ. ಅದೂ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ, ಸಾಧ್ಯವಾದರೆ ಪೊಟ್ಟಣವನ್ನು ಅಂಟಿಸಿದ ಮಡಿಕೆಯೊಳಗೆ. ಕೋಲಾರದ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಸಾಮಾನು ಕೊಳ್ಳುವ ಅಂಗಡಿಯ ಶೆಟ್ಟರು ಮೊದಮೊದಲು ನನ್ನನ್ನು ಆಹಾರ ಇಲಾಖೆಯವಳೆಂದು ತಿಳಿದು ಕುರ್ಚಿ ಹಾಕಿಸುತ್ತಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು ಎಂದು ತಿಳಿದ ದಿನವೇ ಕುರ್ಚಿ ಒಳಗೆ ಹೋಯಿತು. ಈಗ ನೇರವಾಗಿ ಕೇಳುತ್ತಾರೆ: "ಟೀಚರ್, ಓದಿದ್ದಾಗಿದ್ರೆ ಆ ಬಿಸ್ಕತ್ತು ತಗೋತೀರಾ, ಇಲ್ಲಾ ವಾಪಸ್ ಇಡ್ತೀರಾ?"

ಹೆಚ್ಚಾಗಿ ವಾಪಸ್ ಇಡುತ್ತೇನೆ. ಈ ಚಟವನ್ನು ನನಗೆ ಹತ್ತಿಸಿದವರು ನಮ್ಮ ಅತ್ತೆ ಮುನಿವೆಂಕಟಮ್ಮ. ಅವರಿಗೆ ಹತ್ತಿಸಿದ್ದು ಕಾಶಿ.

ನಾನು ಹುಟ್ಟಿದ್ದು ಮಾಲೂರಿನ ಕಡೆಯ ಲಕ್ಕೂರು, ಸೇರಿದ್ದು ವಕ್ಕಲೇರಿ. ಇಲ್ಲಿ ನಮ್ಮ ಹೊಲದಲ್ಲಿ ರಾಗಿ ಇದೆ, ಟೊಮೊಟೊ ಇದೆ, ರೇಷ್ಮೆ ಹುಳುವಿಗೆಂದು ಒಂದಿಷ್ಟು ಹಿಪ್ಪುನೇರಳೆಯೂ ಇದೆ. ಆದರೆ ಮನೆಯನ್ನು ನಡೆಸುವವರು ಯಾರು ಎಂದು ಯಾರಾದರೂ ಕೇಳಿದರೆ ಅತ್ತೆ ಕೊಟ್ಟಿಗೆಯ ಕಡೆಗೆ ಗದ್ದ ತೋರಿಸುತ್ತಾರೆ. ಅಲ್ಲಿ ಸೀಮೆಹಸುಗಳಿವೆ. ಅವುಗಳಲ್ಲಿ ಹಿರಿಯಳು ಗೌರಿ. ಬೆಳಗಾಗುವ ಮೊದಲೇ ಹಾಲು ಕರೆದು, ಮನೆಗೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕದ್ದನ್ನು ಡೇರಿಗೆ ಹಾಕಿ ಬರುವುದು ನನ್ನ ಗಂಡ ಮುನಿರಾಜುವಿನ ಕೆಲಸ. ಉಳಿಸಿಕೊಂಡ ಹಾಲಿನಲ್ಲಿ ಅತ್ತೆ ಕಾಫಿ ಮಾಡುತ್ತಾರೆ. ಮಾಡುತ್ತಿದ್ದರು ಎನ್ನಬೇಕು. ಆ ಕಾಫಿಯ ವಾಸನೆಗೆ ಡೇರಿಯಿಂದ ವಾಪಸಾಗುವ ಹೆಂಗಸರು ಖಾಲಿ ಕ್ಯಾನು ಕೆಳಗಿಟ್ಟು ನಮ್ಮ ಜಗುಲಿಯ ಮೇಲೆ ಕೂರುತ್ತಿದ್ದರು. ಯಾರ ಹಸು ಗಬ್ಬವಾಯಿತು, ಯಾರ ಹಾಲಿಗೆ ಡೇರಿಯಲ್ಲಿ ನೀರಿನ ಅನುಮಾನ ಬಂತು, ಯಾರ ಸೊಸೆ ಬೆಳಕು ಹರಿದ ಮೇಲೂ ಮಲಗಿದ್ದಳು, ಎಲ್ಲವೂ ಅಲ್ಲಿ ತೀರ್ಮಾನವಾಗುತ್ತಿತ್ತು. ಆ ಸೊಸೆ ನಾನೇ ಆಗಿರುತ್ತಿದ್ದೆನಾದ್ದರಿಂದ ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದೆ.

ಹೋದ ವರ್ಷ ನಮ್ಮೂರಿನ ಹೆಂಗಸರು, ಮುಳಬಾಗಿಲಿನ ಕಡೆಯವರು, ಶ್ರೀನಿವಾಸಪುರದ ಯಲ್ದೂರಿನ ನಮ್ಮ ನೆಂಟರು, ಎಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಕಾಶಿಗೆ ಹೋದರು. ಅತ್ತೆ ಹೋದರು. ಅವರ ಓರಗಿತ್ತಿ ನಾರಾಯಣಮ್ಮನವರೂ ಹೋದರು. ನಾರಾಯಣಮ್ಮ ನನಗೆ ಚಿಕ್ಕತ್ತೆಯಾಗಬೇಕು. ಅಣ್ಣತಮ್ಮಂದಿರು ಪಾಲಾದ ಮೇಲೆ ಒಂದೇ ಮನೆಯ ನಡುವೆ ಗೋಡೆ ಎದ್ದು ಎರಡು ಮನೆಗಳಾದವು. ಗೋಡೆಯ ಆ ಕಡೆ ಚಿಕ್ಕತ್ತೆ, ಈ ಕಡೆ ನಾವು. ಇಬ್ಬರಿಗೂ ಜಗಳವೇನಿಲ್ಲ. ಒಬ್ಬರು ಬಿಳಿ ಎಂದದ್ದನ್ನು ಇನ್ನೊಬ್ಬರು ಬಿಳಿ ಎನ್ನುವುದಿಲ್ಲ, ಅಷ್ಟೇ.

ಕಾಶಿಗೆ ಹೋದವರು ಇಷ್ಟವಾದ ಒಂದು ವಸ್ತುವನ್ನು ಗಂಗೆಯಲ್ಲಿ ಬಿಟ್ಟು ಬರಬೇಕೆಂಬುದು ನಿಮಗೆ ಗೊತ್ತೇ ಇದೆ. ನಮ್ಮ ಜನ ಇದನ್ನು ಬಹಳ ವಿವೇಕದಿಂದ ಪಾಲಿಸಿಕೊಂಡು ಬಂದಿದ್ದಾರೆ. ಗಂಗೆಯ ತಳವನ್ನು ಶೋಧಿಸಿದರೆ ನಮ್ಮ ಕಡೆಯವರು ಬಿಟ್ಟ ಹಾಗಲಕಾಯಿಯೇ ಎಲ್ಲಕ್ಕಿಂತ ಹೆಚ್ಚು ಸಿಗಬಹುದು. ಚಿಕ್ಕತ್ತೆ ಬೀಟ್‌ರೂಟ್ ಬಿಟ್ಟರು. ಅವರು ಹುಟ್ಟಿದಾರಭ್ಯ ಅದನ್ನು ಬಾಯಿಗಿಟ್ಟವರಲ್ಲ. ಮುಂದೆ ಮೊಣಕಾಲುದ್ದ ನೀರಿನಲ್ಲಿ ನಡೆದದ್ದನ್ನು ನಾನು ಇಬ್ಬರ ಬಾಯಲ್ಲೂ ಕೇಳಿದ್ದೇನೆ. ಎರಡು ಕಥೆಗಳಲ್ಲೂ ಸಮವಾಗಿರುವ ಭಾಗವನ್ನಷ್ಟೇ ಹೇಳುತ್ತೇನೆ.

ಅತ್ತೆ ಹೇಳಿದರಂತೆ: "ನಿಂಗೆ ಬೀಟ್ರೂಟ್ ಕಂಡ್ರೇ ಆಗಾಕಿಲ್ಲ ಕದಾ. ಗಂಗಮ್ಮನ್ನೇ ಏಮಾರಿಸ್ತೀಯೇನೇ ನಾರಾಯಣಿ?"

ಚಿಕ್ಕತ್ತೆ ಹೇಳಿದರಂತೆ: "ಅಂಗಾದ್ರೆ ನೀನು ಬಿಡಕ್ಕಾ, ನಿಂಗೆ ಇಷ್ಟವಾದ್ದನ್ನ. ನೋಡಾಣ."

ನಮ್ಮ ಸೀಮೆಯಲ್ಲಿ ಎಲ್ಲರ ನಾಲಗೆಯ ಅಡಿಯಲ್ಲೂ ಒಂದು ತೆಲುಗು ನಾಲಗೆ ಇರುತ್ತದೆ. ಅತ್ತೆಗೆ ಸಿಟ್ಟು ಬಂದಾಗ ಕೆಳಗಿನದು ಮೇಲೆ ಬರುತ್ತದೆ. ಅವರು ಮೂಗು ಹಿಡಿದು ಮುಳುಗಿ ಎದ್ದು, "ಪಾಲು ವದಿಲೇಸ್ನಾ, ಪೋ" ಎಂದುಬಿಟ್ಟರು. ಪಾಲು ಎಂದರೆ ತೆಲುಗಿನಲ್ಲಿ ಹಾಲು. ಹಾಲು ಬಿಟ್ಟೆ, ಹೋಗು ಎಂದ ಹಾಗೆ. ಆದರೆ ಕನ್ನಡದ ಕಿವಿಗೆ ಅದು ಆಸ್ತಿಯ ಪಾಲು. ಪಕ್ಕದಲ್ಲಿ ಮುಳುಗು ಹಾಕುತ್ತಾ ಅರ್ಧ ಮಾತು ಕೇಳಿಸಿಕೊಂಡ ಯಲ್ದೂರಿನ ಹೆಂಗಸೊಬ್ಬರು, ಮುನಿವೆಂಕಟಮ್ಮ ತನ್ನ ಪಾಲಿನ ಆಸ್ತಿಯನ್ನೆಲ್ಲ ಓರಗಿತ್ತಿಗೆ ಬಿಟ್ಟರೆಂದು ತಿಳಿದು ಕಣ್ಣೊರೆಸಿಕೊಂಡರಂತೆ. ಆ ಸುದ್ದಿ ಬಸ್ಸಿಗಿಂತ ಮೊದಲೇ ಫೋನಿನಲ್ಲಿ ಊರಿಗೆ ಬಂತು. ಆ ದಿನ ನನ್ನ ಗಂಡ ಊಟ ಮಾಡಲಿಲ್ಲ. ಬಿಟ್ಟದ್ದು ಬರೀ ಹಾಲು ಎಂದು ತಿಳಿದ ಮೇಲೆ ಎರಡು ಮುದ್ದೆ ಹೆಚ್ಚಾಗಿಯೇ ಉಂಡರು. ಹಾಲು ಬಿಡುವುದರಿಂದ ಏನೇನಾಗುತ್ತದೆಂದು ಅವರಿಗೆ ಆಗ ಗೊತ್ತಿರಲಿಲ್ಲ.

ಅತ್ತೆ ಊರಿಗೆ ಬಂದ ಬೆಳಿಗ್ಗೆ ನನ್ನ ಗಂಡ ಅಕ್ಕರೆಯಿಂದ ಕಾಫಿ ಹಿಡಿದು ನಿಂತರು. ಅತ್ತೆ ಲೋಟದ ಕಡೆ ನೋಡಿದರು, ಕೊಟ್ಟಿಗೆಯ ಕಡೆ ನೋಡಿದರು, ಮುಖ ತಿರುಗಿಸಿಕೊಂಡರು. ಊರಿನ ಪೂಜಾರಪ್ಪ ಒಳ್ಳೆಯ ಮನುಷ್ಯ. ಒಂದು ದಾರಿ ತೋರಿಸಿದರು: "ಅಮ್ಮಾ, ಹಾಲು ಬಿಟ್ಟೆ ಅಂದ್ರೆ ಹಾಲಷ್ಟೇ. ಮೊಸರು, ಮಜ್ಜಿಗೆ, ತುಪ್ಪಕ್ಕೇನೂ ಅಡ್ಡಿ ಇಲ್ಲ. ಮನಸ್ಸಿಗೆ ಒಪ್ಪಿದ್ರೆ, ಕನ್ನಡದ ಪಾಲು ಬಿಟ್ಟೆ ಅಂತ್ಲೂ ಅರ್ಥ ಮಾಡ್ಕೋಬಹುದು."

ಎರಡನೆಯ ಅರ್ಥಕ್ಕೆ ನನ್ನ ಗಂಡ ಕೆಮ್ಮಿದರು. ಮೊದಲನೆಯದಕ್ಕೆ ಅತ್ತೆ ಉತ್ತರ ಕೊಟ್ಟರು: "ತಾಯಿ ಬ್ಯಾಡ ಅಂದೋಳಿಗೆ ಅವಳ ಮಕ್ಕಳು ಮೊಮ್ಮಕ್ಕಳು ಮಾತ್ರ ಬೇಕಾ ಸ್ವಾಮಿ? ಕೆಚ್ಚಲಿಂದ ಬಂದಿದ್ದು ಯಾವುದೂ ನಂಗೆ ಬ್ಯಾಡ."

ಗೋಡೆಯ ಆಚೆ ಚಿಕ್ಕತ್ತೆಯ ಬಳೆಗಳ ಸದ್ದು ನಿಂತಾಗ, ಈ ಉತ್ತರ ಪೂಜಾರಪ್ಪನವರಿಗೆ ಹೇಳಿದ್ದಲ್ಲ ಎಂದು ನನಗೆ ತಿಳಿಯಿತು.

ಹಾಗೆ ನಮ್ಮ ಮನೆಯಲ್ಲಿ ಕರಿ ಕಾಫಿಯ ಕಾಲ ಬಂತು. ಅತ್ತೆಯ ಎದುರಿಗೆ ಹಾಲಿನ ಕಾಫಿ ಕುಡಿಯಲು ಯಾರಿಗೂ ಮನಸ್ಸಾಗಲಿಲ್ಲ. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕುಡಿಯುತ್ತಿದ್ದೆ. ನನ್ನ ಗಂಡ ಲೋಟವನ್ನು ಪಂಚೆಯ ಮರೆಯಲ್ಲಿ ಹಿಡಿದು ಕೊಟ್ಟಿಗೆಗೆ ಹೋಗಿ ಗೌರಿಯ ಹಿಂದೆ ನಿಂತು ಕುಡಿಯುತ್ತಿದ್ದರು. ಹೊಸದಾಗಿ ಬೀಡಿ ಕಲಿತ ಹುಡುಗನಿಗೂ ಅಷ್ಟು ಭಯ ಇರುವುದಿಲ್ಲ. ಜಗುಲಿಯ ಹೆಂಗಸರು ಒಂದು ವಾರ ಕರಿ ಕಾಫಿ ಕುಡಿದು ಅತ್ತೆಯ ವ್ರತವನ್ನು ಹೊಗಳಿದರು. ಆಮೇಲೆ ಒಬ್ಬೊಬ್ಬರಾಗಿ ಗೋಡೆಯ ಆಚೆಯ ಜಗುಲಿಗೆ ಜರುಗಿದರು. ಅಲ್ಲಿ ಹಾಲಿನ ಕಾಫಿ ಇತ್ತು. ಅತ್ತೆ ಗೋಡೆಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತಾ, ಆ ಕಡೆಯ ಮಾತುಗಳನ್ನು ಕೇಳಿಸಿಕೊಳ್ಳುತ್ತಾ ಕೂರುತ್ತಿದ್ದರು. ಅವರೆಕಾಯಿ ಮುಗಿದ ಮೇಲೂ ಕೂತಿರುತ್ತಿದ್ದರು. ಹಾಲು ಬಿಟ್ಟದ್ದರ ನಿಜವಾದ ಲೆಕ್ಕ ಅಲ್ಲಿ ಗೊತ್ತಾಗುತ್ತಿತ್ತು.

ಕರಿ ಕಾಫಿಗೆ ನೆಂಚಿಕೊಳ್ಳಲು ಏನಾದರೂ ಬೇಕಲ್ಲ. ನಾನು ಕೋಲಾರದಿಂದ ಬಿಸ್ಕತ್ತು ತಂದೆ. ಅತ್ತೆ ಕೇಳಿದರು: "ಇದ್ರಾಗೆ ಹಾಲೈತಾ, ನೋಡ್ ಹೇಳಮ್ಮಿ."

ಅದು ನಾನು ಓದಿದ ಮೊದಲ ಬೆನ್ನು. ಹಾಲಿನ ಘನಪದಾರ್ಥ ಎಂದಿತ್ತು. ರಸ್ಕು ತಂದೆ, ಇತ್ತು. ಬನ್ನು, ಇತ್ತು. ಮಸಾಲೆ ಚಿಪ್ಸಿನಲ್ಲಿ ಎಲ್ಲಿಂದ ಬಂದೀತು ಎಂದು ಧೈರ್ಯವಾಗಿ ತಂದರೆ, ಆಲೂಗಡ್ಡೆಯ ಮೇಲೆ ಉದುರಿಸಿದ ಖಾರದ ಪುಡಿಯೊಳಗೆ ಹಾಲು ಕೂತಿತ್ತು. ಸೂಪಿನ ಪೊಟ್ಟಣದಲ್ಲೂ ಇತ್ತು. ಮಂಡಿನೋವಿಗೆ ಹೋದಾಗ ಡಾಕ್ಟರು ಶಕ್ತಿಗೆಂದು ಬರೆದುಕೊಟ್ಟ ಡಬ್ಬಿಯಲ್ಲಂತೂ ಹಾಲಿನದ್ದೇ ಸಾಮ್ರಾಜ್ಯ. ಕೆಲವು ಕಡೆ ಅದು ಹಾಲೆಂದೇ ಹೆಸರು ಹೇಳಿಕೊಳ್ಳುತ್ತಿರಲಿಲ್ಲ. ಊರು ಬಿಟ್ಟು ಹೋಗಿ ಹೆಸರು ಬದಲಾಯಿಸಿಕೊಂಡವರ ಹಾಗೆ ಕೇಸಿನ್, ಕೇಸಿನೇಟ್, ವೇ ಎಂದೆಲ್ಲ ಕರೆಸಿಕೊಳ್ಳುತ್ತಿತ್ತು.

ನಮ್ಮ ಶಾಲೆಯ ವಿಜ್ಞಾನದ ಟೀಚರ್ ಸುಮಾ ನನಗೆ ಗುಟ್ಟು ಬಿಡಿಸಿ ಹೇಳಿದಳು. ಕಾಯುವ ಹಾಲಿಗೆ ನಿಂಬೆರಸ ಹಿಂಡಿದರೆ ಒಡೆದು ಬಿಳಿ ಗಡ್ಡೆಯಾಗುತ್ತದಲ್ಲ, ಆ ಗಡ್ಡೆಯಲ್ಲಿರುವ ಪ್ರೊಟೀನು ಕೇಸಿನ್. ಉಳಿಯುವ ತಿಳಿನೀರು ವೇ. ಕೇಸಿನ್ ಬಹಳ ಹೊಂದಿಕೊಂಡು ಹೋಗುವ ಸ್ವಭಾವದ್ದಂತೆ. ಎಣ್ಣೆಯನ್ನೂ ನೀರನ್ನೂ ಬೇರೆಯಾಗದಂತೆ ಹಿಡಿದಿಡುತ್ತದೆ, ತೆಳ್ಳಗಿದ್ದದ್ದನ್ನು ದಪ್ಪ ಮಾಡುತ್ತದೆ, ಬಣ್ಣಗೆಟ್ಟದ್ದನ್ನು ಬೆಳ್ಳಗೆ ಮಾಡುತ್ತದೆ. ಮದುವೆಮನೆಯಲ್ಲಿ ಇಂಥ ಒಬ್ಬ ದೊಡ್ಡಮ್ಮ ಇದ್ದರೆ ಸಾಕು, ಬೀಗರ ಜಗಳವೇ ಇರುವುದಿಲ್ಲ. ಹಿಂದೆ ಇದರಿಂದ ಮರ ಅಂಟಿಸುವ ಗೋಂದು, ಅಂಗಿಯ ಗುಂಡಿ ಕೂಡ ಮಾಡುತ್ತಿದ್ದರು ಎಂದಳು. ಈ ಕೊನೆಯ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅತ್ತೆ ರವಿಕೆಯ ಗುಂಡಿಗಳನ್ನು ಕಿತ್ತು ಪಿನ್ನು ಹಾಕಿಕೊಳ್ಳುತ್ತಿದ್ದರು.

ಹಾಲನ್ನೂ ನೀರನ್ನೂ ಬೇರೆ ಮಾಡಿ ಹಾಲನ್ನಷ್ಟೇ ಕುಡಿಯುವ ಹಂಸದ ಬಗ್ಗೆ ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ವಿವೇಕಕ್ಕೆ ಅದಕ್ಕಿಂತ ಒಳ್ಳೆಯ ಉಪಮೆ ಇಲ್ಲ ಎನ್ನುತ್ತೇನೆ. ಈಗ ಯೋಚಿಸಿದರೆ ಆ ಹಂಸದ ಕೆಲಸ ಎಷ್ಟು ಸುಲಭದ್ದಾಗಿತ್ತು. ಅದರ ಮುಂದೆ ಒಂದು ಕ್ರೀಮ್ ಬನ್ನು ಇಟ್ಟು ಹಾಲನ್ನು ಬೇರೆ ಮಾಡು ಎಂದಿದ್ದರೆ ಕೊಕ್ಕು ಒರೆಸಿಕೊಂಡು ಮಾನಸಸರೋವರಕ್ಕೆ ಹಾರಿಹೋಗುತ್ತಿತ್ತು. ಆ ಕೆಲಸಕ್ಕೆ ಸಿಕ್ಕಿದವಳು ನಾನು, ಚಾಳೀಸಿನ ಕನ್ನಡಕ ಹಾಕಿಕೊಂಡು. ಮುಳಬಾಗಿಲಿಗೆ ಹೋದಾಗ ಹೋಟೆಲಿನವನಿಗೆ "ದೋಸೆಗೆ ತುಪ್ಪ ಹಾಕ್ಬೇಡಪ್ಪ, ಬೆಣ್ಣೇನೂ ಬ್ಯಾಡ" ಎಂದು ಅತ್ತೆ ಹೇಳಿದಾಗ, ತುಪ್ಪದ ದೋಸೆಗೇ ಹೆಸರಾದ ಮುಳಬಾಗಿಲಿಗೆ ಬಂದು ಇಂಥ ಮಾತು ಆಡುವವರನ್ನು ಅವನು ಅದೇ ಮೊದಲ ಸಲ ನೋಡಿದ ಹಾಗಿತ್ತು. ಯಾರು ತೀರಿಕೊಂಡರು ಎಂದು ನನ್ನನ್ನು ಮೆಲ್ಲಗೆ ಕೇಳಿದ.

ಬಿಡುಗಡೆಯ ದಾರಿ ತೋರಿಸಿದವನು ಲಕ್ಕೂರಿನಲ್ಲಿರುವ ನನ್ನ ತಮ್ಮ. ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಅವನಿಗೆ. "ಅಕ್ಕಾ, ನಮ್ ಕ್ಯಾಂಟೀನಲ್ಲಿ ಹಾಲೇ ಇಲ್ದೆ ಕಾಫಿ ಕೊಡ್ತಾರೆ ಕಣೇ. ಒಂದು ಬಿಳೀ ಪುಡಿ. ಹಾಲಿನಂಗೇ ಇರುತ್ತೆ" ಎಂದ. ಶೆಟ್ಟರ ಅಂಗಡಿಯಲ್ಲಿ ಹುಡುಕಿದರೆ ಸಿಕ್ಕಿತು. ಡಬ್ಬಿಯ ಮುಖದಲ್ಲಿ ನನ್ನ ಹೆಬ್ಬೆರಳಿನ ಗಾತ್ರದ ಅಕ್ಷರಗಳಲ್ಲಿ 'ನಾನ್ ಡೇರಿ' ಎಂದಿತ್ತು, ಇಂಗ್ಲಿಷಿನಲ್ಲಿ ಹಾಲಿನದ್ದಲ್ಲ ಎಂದು. ಇಷ್ಟು ದಿನ ಬೆನ್ನುಗಳನ್ನು ಓದಿ ಓದಿ ದಣಿದಿದ್ದೆನೋ ಏನೋ, ಆ ಒಂದು ಮುಖವನ್ನು ನಂಬಿಬಿಟ್ಟೆ.

ಮರುದಿನ ಬೆಳಿಗ್ಗೆ ಅತ್ತೆ ಆ ಪುಡಿಯ ಕಾಫಿಯನ್ನು ಮೊದಲು ಮೂಸಿದರು. ಒಂದು ಗುಟುಕು ಕುಡಿದರು. ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಇನ್ನೊಂದು ಗುಟುಕು ಕುಡಿದರು. "ಗೌರಿದಷ್ಟು ಚೆನ್ನಾಗಿಲ್ಲ," ಎಂದರು ಕೊನೆಗೆ, "ಆದ್ರೂ ಐತೆ." ನನ್ನ ಗಂಡ ಕೊಟ್ಟಿಗೆಯಿಂದ ಲೋಟ ಹಿಡಿದುಕೊಂಡು ಎಲ್ಲರೆದುರಿಗೇ ಹೊರಬಂದರು. ಸುದ್ದಿ ಗೋಡೆ ದಾಟಿತು. ಹಾಲಿಲ್ಲದ ಹಾಲಿನ ಕಾಫಿಯನ್ನು ನೋಡಲು ಹೆಂಗಸರು ಬಂದರು, ಕುಡಿಯಲು ಉಳಿದುಕೊಂಡರು. ಕೊನೆಗೆ ಚಿಕ್ಕತ್ತೆಯೂ ತಮ್ಮ ಬಿಸ್ಕತ್ತಿನ ಪೊಟ್ಟಣದ ಸಮೇತ ಬಂದು ಕೂತರು. ಜಗುಲಿ ತುಂಬಿತು. ನಾನು ತಡವಾಗಿ ಏಳುವ ವಿಷಯ ಮತ್ತೆ ಚರ್ಚೆಗೆ ಬಂದಾಗ ನನಗೆ ನಿಜವಾಗಿಯೂ ಸಂತೋಷವಾಯಿತು.

ಮೊದಲ ಡಬ್ಬಿ ಮುಗಿದು ಎರಡನೆಯದನ್ನು ಕೊಳ್ಳಲು ಹೋದಾಗ ಶೆಟ್ಟರು ಕೇಳಿದರು: "ಏನ್ ಟೀಚರ್, ಇದನ್ನ ಮಾತ್ರ ಓದೋದೇ ಇಲ್ವಲ್ಲ?"

ತಮಾಷೆಗೆ ಕೇಳಿದ್ದು. ನಾನೂ ತಮಾಷೆಗೆಂದೇ ಡಬ್ಬಿಯನ್ನು ತಿರುಗಿಸಿದೆ. ಗ್ಲೂಕೋಸ್ ಸಿರಪ್ಪು, ಎಣ್ಣೆ, ಅದರ ಪಕ್ಕದಲ್ಲಿ ಸೋಡಿಯಂ ಕೇಸಿನೇಟ್. ಅನುಮಾನವೇ ಇರಬಾರದೆಂದು ಕೆಳಗೆ ಇನ್ನೊಂದು ಸಾಲು: ಹಾಲನ್ನು ಒಳಗೊಂಡಿದೆ. ಅಂಗಡಿಯ ಮುಂದಿನಿಂದಲೇ ಸುಮಾಗೆ ಫೋನ್ ಮಾಡಿದೆ. ಅವಳು ನಕ್ಕಳು. ಹಾಲನ್ನೇ ಹಾಕದೆ, ಹಾಲಿನಿಂದ ತೆಗೆದ ಕೇಸಿನ್ ಮಾತ್ರ ಹಾಕಿ, ಡೇರಿ ಅಲ್ಲ ಎನ್ನುವ ರೂಢಿ ಇದೆಯಂತೆ. ಅಂದರೆ ತಾಯಿ ಬಂದಿಲ್ಲ, ಮಗಳು ಬಂದಿದ್ದಾಳೆ.

ಬಸ್ಸು ಹತ್ತುವ ಮೊದಲು ಗಂಡನಿಗೆ ಫೋನ್ ಮಾಡಿದೆ. ಕೇಸಿನೇಟಿನ ವಿಷಯ ಹೇಳಿದೆ. "ಹೇಳ್ಬೇಡ ಕಣೇ. ಅಮ್ಮ ಈಗ ತಾನೇ ನಗ್ತಾವ್ಳೆ," ಎಂದರು. ಫೋನ್ ಇಡುವ ಮೊದಲು, "ನಾನು ಮತ್ತೆ ಕೊಟ್ಟಿಗೆಗೆ ಹೋಗ್ಬೇಕಾ?" ಎಂದರು.

ಬಸ್ಸಿನಲ್ಲಿ ಕೂತು ನನ್ನೊಳಗೇ ವಾದ ಮಾಡಿದೆ. ತಿಳಿಯದೆ ಕುಡಿದದ್ದು ತಪ್ಪಲ್ಲ, ಹಾಗಾದರೆ ತಿಳಿಯದೇ ಇರಲಿ. ಆದರೆ ಈಗ ನನಗೆ ತಿಳಿದಿದೆ. ನಾಳೆ ಬೆಳಿಗ್ಗೆ ಆ ಪುಡಿಯನ್ನು ಕಲಸಿಕೊಡುವವಳು ನಾನು. ಓದು ಬರುವವಳು ಎಂದು ನಂಬಿ ಕೇಳುವವರಿಗೆ ಓದಿದ್ದನ್ನು ಹೇಳದಿದ್ದರೆ, ಮುಖದಲ್ಲಿ ಒಂದು, ಬೆನ್ನಿನಲ್ಲಿ ಇನ್ನೊಂದು ಬರೆಸಿಕೊಂಡ ಡಬ್ಬಿಗೂ ನನಗೂ ಏನು ವ್ಯತ್ಯಾಸ? ವಕ್ಕಲೇರಿಯಲ್ಲಿ ಇಳಿಯುವ ಹೊತ್ತಿಗೆ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಇಬ್ಬರೇ ಇರುವಾಗ ಹೇಳಬೇಕು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಜಗುಲಿಯ ಮೇಲೆ ಅತ್ತೆಯ ಪಕ್ಕದಲ್ಲಿ ಚಿಕ್ಕತ್ತೆ ಕೂತು, ಹಳೆ ಡಬ್ಬಿಯ ತಳದಲ್ಲಿದ್ದ ಪುಡಿಯ ಕಾಫಿ ಕುಡಿಯುತ್ತಾ ಗುಲಾಬಿ ಬಣ್ಣದ ಕ್ರೀಮ್ ಬಿಸ್ಕತ್ತು ತಿನ್ನುತ್ತಿದ್ದರು.

ಹೇಳಿಯೇ ಬಿಟ್ಟೆ. ಅತ್ತೆ ಲೋಟ ಕೆಳಗಿಟ್ಟರು.

"ಅಂದ್ರೆ ಇಷ್ಟ್ ದಿನ ಕುಡಿದಿದ್ದು ಹಾಲೇಯಾ?"

"ಹಾಲಲ್ಲ ಅತ್ತೆ. ಹಾಲಿನ ಒಳಗಿಂದು."

"ಅಯ್ಯಯ್ಯೋ, ಪಾಪ," ಎಂದರು ಚಿಕ್ಕತ್ತೆ. ಅವರ ಕಣ್ಣಿನಲ್ಲಿ ಪಾಪ ಅಷ್ಟಾಗಿ ಕಾಣಲಿಲ್ಲ. "ಗಂಗಮ್ಮಂಗೆ ಕೊಟ್ಟ ಮಾತು ಇಂಗಾಯ್ತಲ್ಲಕ್ಕಾ. ನಾನು ನೋಡು, ಬಿಟ್ಟಿದ್ದು ಬೀಟ್ರೂಟೇ ಇರ್ಬೋದು, ಆವತ್ತಿಂದ ಒಂದ್ ಚೂರು ಮುಟ್ಟಿಲ್ಲ."

ಆ ಹೊತ್ತಿನಲ್ಲಿ ನಾನು ಅವರ ಬಿಸ್ಕತ್ತಿನ ಪೊಟ್ಟಣವನ್ನು ಯಾಕೆ ಎತ್ತಿಕೊಂಡೆ ಎಂದು ಕೇಳಿದರೆ, ಅಭ್ಯಾಸ ಎನ್ನುತ್ತೇನೆ. ತಿರುಗಿಸಿದೆ. ಓದಿದೆ. ಸುಮ್ಮನೆ ಕೆಳಗಿಟ್ಟಿದ್ದರೆ ಚೆನ್ನಾಗಿತ್ತು.

"ಏನೈತಮ್ಮಿ ಅದ್ರಾಗೆ?" ಎಂದು ಅತ್ತೆ ಕೇಳಿದರು.

"ಹಾಲಿದೆ. ಆಮೇಲೆ... ಗುಲಾಬಿ ಬಣ್ಣಕ್ಕೆ ಬೀಟ್‌ರೂಟ್ ಹಾಕಿದಾರೆ."

ಚಿಕ್ಕತ್ತೆಯ ಬಾಯಿ ನಿಂತಿತು. ಅರ್ಧ ಅಗಿದ ಬಿಸ್ಕತ್ತನ್ನು ನುಂಗುವಂತಿಲ್ಲ, ಹಿರಿಯ ಓರಗಿತ್ತಿಯ ಜಗುಲಿಯ ಮೇಲೆ ಉಗುಳುವಂತಿಲ್ಲ. ಇದು ಅತ್ತೆ ಕಾದಿದ್ದ ಗಳಿಗೆ ಎಂದು ನಾನು ಅಂದುಕೊಂಡೆ. ಕೆಳಗಿನ ನಾಲಗೆ ಮೇಲೆ ಬರುತ್ತದೆ ಎಂದು ಕಾದೆ. ಬಂತು, ಆದರೆ ಬಹಳ ಮೆತ್ತಗೆ ಬಂತು. "ಊರ್ಕೋ," ಎಂದರು, ಸುಮ್ಮನಿರು ಎಂದು. "ನುಂಗೇ ನಾರಾಯಣಿ. ಗೊತ್ತಿಲ್ದೆ ತಿಂದಿದ್ದಕ್ಕೆಲ್ಲ ಗಂಗಮ್ಮ ಲೆಕ್ಕ ಇಡಾಕಿಲ್ಲ. ಅವಳಿಗೆ ಬ್ಯಾರೆ ಕೆಲ್ಸ ಇಲ್ವಾ?"

ಚಿಕ್ಕತ್ತೆ ನುಂಗಿದರು. ಅತ್ತೆ ಈಗ ಪುಡಿಯ ಡಬ್ಬಿಯನ್ನು ಕೈಗೆತ್ತಿಕೊಂಡರು. ಅವರಿಗೆ ಸಿಟ್ಟು ಬಂದಿತ್ತು. ಅದು ವ್ರತದ ಸಿಟ್ಟಾಗಿರಲಿಲ್ಲ, ಹಸು ಸಾಕಿದವಳ ಸಿಟ್ಟಾಗಿತ್ತು.

"ಅಲ್ಲ ಕಣಮ್ಮಿ, ಹಾಲಿಗೆ ನೀರು ಬೆರೆಸಿದ್ರೆ ಡೇರೀಲಿ ಎಲ್ಲರ ಮುಂದೆ ವಾಪಸ್ ಕಳಿಸ್ತಾರೆ. ಇವ್ರು ಹಾಲಿಂದು ಬೆರೆಸಿ ಹಾಲಲ್ಲ ಅಂತ ಮಾರ್ತಾರಲ್ಲ, ಇವ್ರನ್ನ ಎಲ್ಲಿಗೆ ವಾಪಸ್ ಕಳಿಸ್ಬೇಕು? ಹಾಲು ಏನ್ ತಪ್ಪು ಮಾಡೈತೆ, ಅಂಗೆ ಬಚ್ಚಿಡಾಕೆ? ಮ್ಯಾಲೆ ಏನಂತ ಬರೆದವ್ರೆ, ಇನ್ನೊಂದ್ ಸಲ ಓದು."

"ನಾನ್ ಡೇರಿ."

ಅತ್ತೆ ಡಬ್ಬಿಯನ್ನು ನೋಡಿದರು. ಚಿಕ್ಕತ್ತೆಯನ್ನು ನೋಡಿದರು. "ಪಾಪ, ಅದು ನಿಜಾನೇ ಹೇಳ್ತೈತಲ್ಲೇ. 'ನಾನ್ ಡೇರಿ, ನಾನ್ ಡೇರಿ' ಅಂತ. ನಾವೇ ಕೇಳಿಸ್ಕಳ್ಳಿಲ್ಲ."

ಮೊದಲು ನಕ್ಕವರು ಚಿಕ್ಕತ್ತೆ. ಆಮೇಲೆ ಇಬ್ಬರೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಇಪ್ಪತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ಆ ಅರ್ಥ ಹೊಳೆದಿರಲಿಲ್ಲ. ಲೋಟಗಳಲ್ಲಿ ಉಳಿದದ್ದನ್ನು ಅತ್ತೆ ಕಲಗಚ್ಚಿನ ಬಾನಿಗೆ ಸುರಿದರು. ಗೌರಿ ಅದನ್ನು ಸಂಶಯವಿಲ್ಲದೆ ಕುಡಿಯಿತು.

ಆದರೆ ನಾಳೆಯ ಬೆಳಗಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಮರುದಿನ ಅತ್ತೆ ಬೆಳಿಗ್ಗೆ ಎದ್ದು ಡಿಕಾಕ್ಷನ್ ಇಳಿಸಿದರು. ನನ್ನ ಗಂಡ ಪಂಚೆ ಸರಿಮಾಡಿಕೊಂಡು ಕೊಟ್ಟಿಗೆಯ ದಾರಿ ನೋಡುತ್ತಿದ್ದರು. ಆಗ ಚಿಕ್ಕತ್ತೆ ಬಂದರು. ಸೆರಗಿನ ಮರೆಯಲ್ಲಿ ಒಂದು ಹಿತ್ತಾಳೆ ಚೊಂಬು.

"ಕಡ್ಲೇಕಾಯ್ ಬೀಜ ನೆನೆಹಾಕಿ ರುಬ್ಬಿದೆ. ಬಟ್ಟೇಲಿ ಸೋಸಿದೀನಿ. ಇದನ್ನೂ ಹಾಲು ಅಂತಾರೆ, ಆದ್ರೆ ಕೆಚ್ಚಲಿಂದ ಬಂದಿದ್ದಲ್ಲ," ಎಂದು ಅದನ್ನು ಕೆಳಗಿಟ್ಟರು. ಗೋಡೆಯ ಕಡೆ ನೋಡುತ್ತಾ ಇನ್ನೊಂದು ಮಾತು ಸೇರಿಸಿದರು: "ಆವತ್ತು ನಾನು ಕೆಣಕ್ದೇ ಇದ್ದಿದ್ರೆ ನೀನೂ ಹಾಗಲಕಾಯೇ ಬಿಡ್ತಿದ್ದೆ ಕದಕ್ಕಾ."

ಅತ್ತೆ ಒಲೆ ಹತ್ತಿಸಿದರು. ಬಿಸಿ ಡಿಕಾಕ್ಷನ್ನಿಗೆ ಬಿದ್ದ ಕೂಡಲೇ ಕಡಲೆಕಾಯಿ ಹಾಲು ಒಡೆದು ಚೂರುಚೂರಾಯಿತು. ಇಬ್ಬರೂ ಅದನ್ನೇ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದರು.

"ಎಂಗೈತಕ್ಕಾ?"

"ಚೆನ್ನಾಗಿಲ್ಲ."

"ನಾಳೆ ಒಸಿ ತೆಂಗಿನಕಾಯಿ ಹಾಕ್ಲಾ?"

"ಹಾಕು. ನಿಧಾನ ಉರೀಲಿ ಕಾಸಾಣ."

ನಾನು ಚೊಂಬನ್ನು ತೊಳೆಯಲು ಎತ್ತಿಕೊಂಡೆ. ಕೈ ತನ್ನಷ್ಟಕ್ಕೆ ಅದನ್ನು ತಿರುಗಿಸಿತು. ಅಂಗಡಿಯಲ್ಲಿ ಪಾತ್ರೆಗಳಿಗೆ ಹೆಸರು ಕೊರೆಯುತ್ತಾರಲ್ಲ, ಆ ಚುಕ್ಕಿಯ ಅಕ್ಷರಗಳು ಸವೆದು ಸವೆದು ಮಸುಕಾಗಿದ್ದವು. ಆದರೂ ಓದಬಹುದಿತ್ತು: ಮುನಿವೆಂಕಟಮ್ಮ. ಅತ್ತೆಯ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಗೋಡೆ ಏಳುವ ಗಲಾಟೆಯಲ್ಲಿ ಅದು ಯಾವಾಗ ಆ ಕಡೆ ಸೇರಿತೋ.

ತಲೆ ಎತ್ತಿದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಓದು ಬಾರದು. ಆದರೆ ತಮ್ಮ ಹೆಸರಿನ ಚುಕ್ಕಿಗಳು ಯಾರಿಗೆ ತಾನೆ ಗೊತ್ತಾಗುವುದಿಲ್ಲ. ಈ ಸಲ ಅದರಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. ನಾನೂ ಓದಿ ಹೇಳಲಿಲ್ಲ. ಅವರು ನನ್ನ ಕೈಯಿಂದ ಚೊಂಬು ತೆಗೆದುಕೊಂಡು, ಹುಣಸೆಹಣ್ಣು ಹಾಕಿ ಹೊಳೆಯುವ ಹಾಗೆ ಬೆಳಗಿ, ಸೆರಗಿನಲ್ಲಿ ಒರೆಸಿ, ಹೊರಟು ನಿಂತ ಚಿಕ್ಕತ್ತೆಯ ಕೈಗೆ ಕೊಟ್ಟರು.

"ನಾಳೇನೂ ಇದ್ರಾಗೇ ತಗೊಂಬಾ," ಎಂದರು.